ಇಬ್ಬರು ಕೂತು ಆಡುವ ಸಮುರಾಯ್ ಕಾಳಗ: ಮಿನಿಯೇಚರ್ ಬೊಂಬೆಗಳ ಆಟಕ್ಕೆ ಒಂದು ಕೈಪಿಡಿ

1467ರಲ್ಲಿ ಓನಿನ್ ಯುದ್ಧ ಹೊತ್ತಿಕೊಂಡ ಮೇಲೆ ಜಪಾನಿನಲ್ಲಿ ಒಂದು ಶತಮಾನಕ್ಕೂ ಮೀರಿ ನಡೆದ ಅಂತಃಕಲಹದ ಕಾಲವನ್ನು ಸೆಂಗೊಕು ಎನ್ನುತ್ತಾರೆ. ಮೇಜಿನ ಮೇಲೆ ಬೊಂಬೆಗಳನ್ನಿಟ್ಟು ಆಡುವ ಯುದ್ಧದಾಟಕ್ಕೆ ಈ ಕಾಲ ಹೇಳಿ ಮಾಡಿಸಿದಂತಿದೆ. 1600ರ ಸೆಕಿಗಹಾರದಂಥ ಮಹಾಯುದ್ಧವನ್ನು ಮೇಜಿಗೆ ತರಬೇಕಾದರೆ ನೂರಾರು ಬೊಂಬೆಗಳು ಬೇಕಾಗುತ್ತವೆ. ಆದರೆ ಗಡಿಯ ಹಳ್ಳಿಯೊಂದರಲ್ಲಿ ಎರಡು ಮನೆತನಗಳ ಆರೇಳು ಜನ ಎದುರಾಗುವ ಚಕಮಕಿಗೆ ಒಂದು ಊಟದ ಮೇಜು, ಒಂದಷ್ಟು ಆರು ಮುಖದ ದಾಳಗಳು, ಅಳತೆಯ ಟೇಪು ಮತ್ತು ಎರಡು ಗಂಟೆ ಬಿಡುವಿರುವ ಸ್ನೇಹಿತನೊಬ್ಬ ಇದ್ದರೆ ಸಾಕು.

ಮೊದಲ ಆಟಕ್ಕೆ ಒಂದೊಂದು ಕಡೆ ಆರು ಬೊಂಬೆಗಳಿಗಿಂತ ಹೆಚ್ಚು ಬೇಡ. ಒಬ್ಬ ನಾಯಕ, ಅವನ ಜೊತೆಗೆ ಇನ್ನೊಬ್ಬ ಸಮುರಾಯ್, ಉಳಿದ ನಾಲ್ವರು ಅಶಿಗಾರುಗಳು, ಅಂದರೆ ಸಾಮಾನ್ಯ ಕಾಲಾಳುಗಳು: ಇಬ್ಬರ ಕೈಯಲ್ಲಿ ಈಟಿ, ಒಬ್ಬನ ಕೈಯಲ್ಲಿ ಬಿಲ್ಲು, ಇನ್ನೊಬ್ಬನ ಕೈಯಲ್ಲಿ ಬತ್ತಿಯ ಕೋವಿ. ಕೋವಿಯನ್ನು ಸೇರಿಸುವುದಾದರೆ ನಿಮ್ಮ ಕಥೆ 1543ರ ನಂತರದ್ದಾಗಿರಲಿ, ಏಕೆಂದರೆ ಪೋರ್ಚುಗೀಸರ ಮೂಲಕ ತನೆಗಶಿಮಾ ದ್ವೀಪಕ್ಕೆ ಈ ಆಯುಧ ಬಂದಿಳಿದದ್ದು ಆ ವರ್ಷದಲ್ಲಿ ಎನ್ನುವುದು ರೂಢಿಯ ಲೆಕ್ಕ. 28 ಮಿಲಿಮೀಟರ್ ಎತ್ತರದ ಲೋಹದ ಅಥವಾ ಪ್ಲಾಸ್ಟಿಕ್ ಬೊಂಬೆಗಳು ಈ ಆಟದಲ್ಲಿ ಹೆಚ್ಚು ಬಳಕೆಯಲ್ಲಿವೆ. ಅವು ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವುದು ಕಷ್ಟ ಮತ್ತು ತರಿಸಿಕೊಳ್ಳಲು ದುಬಾರಿ. ಆದ್ದರಿಂದ ದಪ್ಪ ಕಾಗದದ ಮೇಲೆ ಚಿತ್ರ ಮುದ್ರಿಸಿ, ಕತ್ತರಿಸಿ, 25 ಮಿಲಿಮೀಟರ್ ಅಗಲದ ದುಂಡನೆಯ ರಟ್ಟಿನ ಮೇಲೆ ನಿಲ್ಲಿಸಿಕೊಂಡು ಆರಂಭಿಸುವುದೇ ಜಾಣತನ. ಆಟ ನಿಮ್ಮಿಬ್ಬರಿಗೂ ಹಿಡಿಸಿದ ಮೇಲೆ ದುಡ್ಡು ಹಾಕಬಹುದು.

ಬೊಂಬೆಗಳಿಗಿಂತ ಹೆಚ್ಚಿನ ಶ್ರಮ ನೆಲದ ಮೇಲೆ ಹೋಗಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಕಾರಣ ಅಳತೆಯಲ್ಲೇ ಇದೆ. 28 ಮಿಲಿಮೀಟರ್ ಬೊಂಬೆಯೆಂದರೆ ನಿಜವಾದ ಮನುಷ್ಯನ ಸುಮಾರು ಐವತ್ತಾರನೆಯ ಒಂದು ಪಾಲು. ಆ ಲೆಕ್ಕದಲ್ಲಿ 60 ಸೆಂಟಿಮೀಟರ್ ಚೌಕದ ಮೇಜು ನಿಜದ ನೆಲದಲ್ಲಿ 34 ಮೀಟರ್ ಕೂಡ ಆಗುವುದಿಲ್ಲ. ಅಷ್ಟು ದೂರವನ್ನು ಬಾಣವಾಗಲಿ ಗುಂಡಾಗಲಿ ಸಲೀಸಾಗಿ ದಾಟುತ್ತದೆ. ಹಾಗಿರುವಾಗ ಮೇಜನ್ನು ಬಯಲಾಗಿ ಬಿಟ್ಟರೆ ಬಿಲ್ಲು ಮತ್ತು ಕೋವಿ ಹಿಡಿದವರು ನಿಂತಲ್ಲಿಂದಲೇ ಎಲ್ಲರನ್ನೂ ಉರುಳಿಸುತ್ತಾರೆ, ಕತ್ತಿ ಹಿಡಿದವನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಆದ್ದರಿಂದ ಮೇಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಕಣ್ಣು ಹಾಯದಂತೆ ಮೂರು ನಾಲ್ಕು ಗುಡಿಸಲು, ಒಂದು ಬಿದಿರು ಮೆಳೆ, ಒಂದೆರಡು ಬೇಲಿ, ನಡುವೆ ನೀರು ನಿಂತ ಭತ್ತದ ಗದ್ದೆ, ಅದರ ಮೇಲೆ ಕಿರಿದಾದ ಬದು ಇರಲಿ. ಗದ್ದೆಯ ಕೆಸರಿನಲ್ಲಿ ಅರ್ಧ ವೇಗ, ಬದುವಿನ ಮೇಲೆ ಪೂರ್ಣ ವೇಗ, ಆದರೆ ಅಲ್ಲಿ ಒಬ್ಬರ ಹಿಂದೆ ಒಬ್ಬರೇ ಹೋಗಬೇಕು ಎಂದು ಗೊತ್ತುಮಾಡಿದರೆ ಆ ಬದುವಿಗಾಗಿಯೇ ಒಳ್ಳೆಯ ಕಾಳಗ ಹುಟ್ಟುತ್ತದೆ. ಗುಡಿಸಲಿಗೆ ಬಿಸ್ಕತ್ತಿನ ಡಬ್ಬಿಯ ರಟ್ಟು, ಹುಲ್ಲಿನ ಮಾಡಿಗೆ ತೆಂಗಿನ ನಾರು, ಬಿದಿರಿಗೆ ಹಸಿರು ಬಳಿದ ಊದುಬತ್ತಿಯ ಕಡ್ಡಿ ಸಾಕಾಗುತ್ತದೆ.

ಯಾರು ಯಾವಾಗ ಚಲಿಸಬೇಕು ಎಂಬುದನ್ನು ಗೊತ್ತುಮಾಡಲು ಹಲವು ವಿಧಾನಗಳಿವೆ. ಒಂದು ಕಡೆಯವರು ತಮ್ಮೆಲ್ಲ ಬೊಂಬೆಗಳನ್ನು ನಡೆಸಿ ಮುಗಿಸಿದ ಮೇಲೆ ಇನ್ನೊಬ್ಬರು ನಡೆಸುವ ಪದ್ಧತಿಯನ್ನು ಇಬ್ಬರ ಆಟಕ್ಕೆ ನಾನು ಒಪ್ಪುವುದಿಲ್ಲ. ಒಬ್ಬ ಆಡುವಾಗ ಮತ್ತೊಬ್ಬ ಸುಮ್ಮನೆ ಕೂತಿರಬೇಕಾಗುತ್ತದೆ. ಒಬ್ಬರಾದ ಮೇಲೆ ಒಬ್ಬರಂತೆ ಒಂದೊಂದೇ ಬೊಂಬೆಯನ್ನು ನಡೆಸುವುದು ಸುಲಭ ಮತ್ತು ನ್ಯಾಯವಾದದ್ದು. ಅದಕ್ಕಿಂತ ರೋಚಕವಾದದ್ದು ಚೀಲದಿಂದ ಬಿಲ್ಲೆ ತೆಗೆಯುವ ಕ್ರಮ. 2017ರಲ್ಲಿ ಹೊರಬಂದ ‘ಟೆಸ್ಟ್ ಆಫ್ ಆನರ್’ ಎಂಬ ಆಟ ಇದನ್ನೇ ನೆಚ್ಚಿಕೊಂಡಿದೆ: ಸಮುರಾಯ್‌ಗಳಿಗೂ ಸಾಮಾನ್ಯರಿಗೂ ಬೇರೆ ಬೇರೆ ಬಿಲ್ಲೆಗಳು ಒಂದೇ ಚೀಲದಲ್ಲಿರುತ್ತವೆ, ಅವುಗಳ ನಡುವೆ ವಿಧಿಯ ಬಿಲ್ಲೆಗಳೂ ಇರುತ್ತವೆ, ಮೂರನೆಯ ವಿಧಿಯ ಬಿಲ್ಲೆ ಕೈಗೆ ಬಂದೊಡನೆ ಆ ಸುತ್ತು ಮುಗಿಯುತ್ತದೆ. ಇನ್ನೂ ಚಲಿಸದ ಬೊಂಬೆಗಳು ಇದ್ದಲ್ಲೇ ಉಳಿಯುತ್ತವೆ. ಹೀಗಾಗಿ ‘ಅವನನ್ನು ಕೊನೆಯಲ್ಲಿ ನಡೆಸಿದರಾಯಿತು’ ಎಂಬ ನೆಮ್ಮದಿಗೆ ಅವಕಾಶವಿಲ್ಲ. ಬಿಲ್ಲೆ ಬಂದಾಗಲೆಲ್ಲ ಯಾವ ಕೆಲಸ ಎಲ್ಲಕ್ಕಿಂತ ತುರ್ತು ಎಂದು ತೀರ್ಮಾನಿಸಲೇಬೇಕು.

ಕತ್ತಿಗೆ ಕತ್ತಿ ತಾಗುವ ಘಳಿಗೆ ಈ ಆಟದ ಜೀವಾಳ. ಬರೀ ದಾಳ ಹಾಕಿ ದೊಡ್ಡ ಸಂಖ್ಯೆ ಬಂದವನು ಗೆದ್ದ ಎಂದುಬಿಟ್ಟರೆ ಎದುರಾಳಿಯ ಮನಸ್ಸನ್ನು ಓದುವ ಸುಖವೇ ಇರುವುದಿಲ್ಲ. 2013ರ ‘ರೋನಿನ್’ ನಿಯಮಗಳಲ್ಲಿ ಕಾದಾಡುವ ಇಬ್ಬರೂ ದಾಳಿ ಎಷ್ಟು, ರಕ್ಷಣೆ ಎಷ್ಟು ಎಂಬುದನ್ನು ಬಿಲ್ಲೆಗಳ ಮೂಲಕ ಗುಟ್ಟಾಗಿ ಆರಿಸಿಕೊಳ್ಳುವ ಏರ್ಪಾಡಿದೆ. ಆ ವಿಚಾರವನ್ನು ಮನೆಯಲ್ಲೇ ಸರಳವಾಗಿ ಹೀಗೆ ಆಡಬಹುದು. ಅಂಗಿಯ ಕೆಂಪು ಗುಂಡಿ ದಾಳಿಗೆ, ಬಿಳಿ ಗುಂಡಿ ರಕ್ಷಣೆಗೆ. ಸಮುರಾಯ್‌ಗೆ ಮೂರು ಗುಂಡಿ, ಅಶಿಗಾರುವಿಗೆ ಎರಡು. ಬಣ್ಣದ ಆಯ್ಕೆ ಅವರವರಿಗೆ ಬಿಟ್ಟದ್ದು. ಇಬ್ಬರೂ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಒಟ್ಟಿಗೇ ತೆರೆಯಬೇಕು. ಒಂದು ಕೆಂಪು ಗುಂಡಿಗೆ ಒಂದು ಹೊಡೆತ. ಹೊಡೆಯುವವನೂ ತಡೆಯುವವನೂ ಎರಡೆರಡು ದಾಳ ಹಾಕಿ ತಮ್ಮ ಬೊಂಬೆಯ ಕೌಶಲವನ್ನು ಕೂಡಿಸುತ್ತಾರೆ: ಸಮುರಾಯ್‌ಗೆ 3, ಅಶಿಗಾರುವಿಗೆ 1. ತಡೆಯುವವನು ಬಿಳಿ ಗುಂಡಿಯೊಂದನ್ನು ಖರ್ಚು ಮಾಡಿದರೆ ಮೂರು ದಾಳ ಹಾಕಿ ದೊಡ್ಡವೆರಡನ್ನು ಇಟ್ಟುಕೊಳ್ಳುತ್ತಾನೆ. ಹೊಡೆತದ ಮೊತ್ತ ಒಂದರಿಂದ ಮೂರರಷ್ಟು ಹೆಚ್ಚಾದರೆ ಸಣ್ಣ ಗಾಯ, ನಾಲ್ಕರಿಂದ ಆರಾದರೆ ದೊಡ್ಡ ಗಾಯ, ಅದಕ್ಕೂ ಮೀರಿದರೆ ಸಾವು. ಸಣ್ಣ ಗಾಯಕ್ಕೆ ಕೌಶಲದಲ್ಲಿ ಒಂದು ಕಳೆಯಿರಿ. ದೊಡ್ಡ ಗಾಯಕ್ಕೆ ಒಂದು ಗುಂಡಿಯನ್ನೇ ಕಸಿಯಿರಿ.

ಒಂದು ಕಾದಾಟವನ್ನು ಹತ್ತಿರದಿಂದ ನೋಡೋಣ. ಸಮುರಾಯ್ ಎರಡು ಕೆಂಪು, ಒಂದು ಬಿಳಿ ಹಿಡಿದಿದ್ದಾನೆ. ಈಟಿಯ ಅಶಿಗಾರು ಎರಡೂ ಬಿಳಿಯನ್ನೇ ಹಿಡಿದಿದ್ದಾನೆ. ಮೊದಲ ಹೊಡೆತಕ್ಕೆ ಸಮುರಾಯ್‌ಗೆ 4 ಮತ್ತು 5 ಬಿದ್ದು, ಕೌಶಲ ಸೇರಿ 12 ಆಯಿತು. ಅಶಿಗಾರು ಒಂದು ಬಿಳಿ ಕೊಟ್ಟು 2, 4, 6 ಹಾಕಿದ. ದೊಡ್ಡವೆರಡು 10, ಕೌಶಲ ಸೇರಿ 11. ಒಂದರ ವ್ಯತ್ಯಾಸ, ಸಣ್ಣ ಗಾಯ, ಕೌಶಲ ಸೊನ್ನೆಗಿಳಿಯಿತು. ಎರಡನೆಯ ಹೊಡೆತಕ್ಕೆ ಸಮುರಾಯ್‌ಗೆ ಬಿದ್ದದ್ದು 3 ಮತ್ತು 2, ಮೊತ್ತ 8. ಅಶಿಗಾರು ಉಳಿದ ಬಿಳಿಯನ್ನೂ ಕೊಟ್ಟು 1, 5, 3 ಹಾಕಿದ; ಅವನ ಮೊತ್ತವೂ 8, ಹಾಗಾಗಿ ಬದುಕಿದ. ಅವನು ಯಾರನ್ನೂ ಕೊಲ್ಲಲಿಲ್ಲ, ಆದರೆ ಎದುರಿನ ಅತ್ಯುತ್ತಮ ಯೋಧನನ್ನು ಒಂದು ಸುತ್ತು ಅಲ್ಲೇ ಕಟ್ಟಿಹಾಕಿದ. ಅಷ್ಟರಲ್ಲಿ ಅವನ ಜೊತೆಗಾರ ಸಮುರಾಯ್‌ನ ಬೆನ್ನ ಹಿಂದೆ ಬಂದು ನಿಲ್ಲಬಹುದು. ಬಡ ಕಾಲಾಳುವಿಗೂ ಇಂಥ ಘನವಾದ ಕೆಲಸ ದೊರಕಿಸಿಕೊಡುವ ನಿಯಮವೇ ಒಳ್ಳೆಯ ನಿಯಮ.

ಆಯುಧಗಳ ನಡುವಿನ ವ್ಯತ್ಯಾಸವನ್ನು ಉದ್ದನೆಯ ಪಟ್ಟಿಯಲ್ಲಿ ಹುಡುಕುವ ಅಗತ್ಯವಿಲ್ಲ. ಈಟಿ ಹಿಡಿದವನ ಮುಂಭಾಗದಿಂದ ನುಗ್ಗಿದರೆ ಮೊದಲ ಹೊಡೆತ ಈಟಿಯದು. ಅವನ ಪಕ್ಕದಿಂದ ಬಂದರೆ ಆ ಲಾಭವಿಲ್ಲ. ಬಿಲ್ಲು ಪ್ರತಿ ಸುತ್ತಿನಲ್ಲೂ ಹೊಡೆಯಬಹುದು. ಕೋವಿಯ ಹೊಡೆತಕ್ಕೆ ಎರಡು ಅಂಕ ಹೆಚ್ಚು, ಆದರೆ ಒಮ್ಮೆ ಹಾರಿಸಿದ ಮೇಲೆ ಮದ್ದು ತುಂಬಲು ಒಂದು ಇಡೀ ಸುತ್ತು ಚಲಿಸದೆ ನಿಲ್ಲಬೇಕು. ಮಳೆ ಬಂದರೆ ಬತ್ತಿ ನಂದುತ್ತದೆ; ಆದ್ದರಿಂದ ಆಟದ ಆರಂಭದಲ್ಲಿ ಒಂದು ದಾಳ ಹಾಕಿ, 1 ಬಿದ್ದರೆ ಮಳೆಯ ದಿನವೆಂದು ತೀರ್ಮಾನಿಸಿ ಕೋವಿಯವನಿಗೆ ಸಣ್ಣ ಕತ್ತಿ ಕೊಡಿ. ನಡಿಗೆ 15 ಸೆಂಟಿಮೀಟರ್, ಓಟ 22, ಓಡಿದವನು ಬಾಣ ಬಿಡುವಂತಿಲ್ಲ ಎಂಬಷ್ಟು ಚಲನೆಯ ನಿಯಮ ಸಾಕು.

ಎರಡೂ ಕಡೆಯವರು ಪರಸ್ಪರ ಕೊಂದು ಮುಗಿಸುವುದನ್ನೇ ಗುರಿಯಾಗಿಸಿಕೊಂಡರೆ ಎಲ್ಲರೂ ಮೇಜಿನ ನಡುವೆ ಗುಂಪುಗೂಡಿ ನಿಲ್ಲುತ್ತಾರೆ, ನೀವು ಕಷ್ಟಪಟ್ಟು ಮಾಡಿದ ನೆಲ ವ್ಯರ್ಥವಾಗುತ್ತದೆ. ಹಾಗಾಗಿ ಪ್ರತಿ ಆಟಕ್ಕೂ ಒಂದು ಸನ್ನಿವೇಶವಿರಲಿ: ಊರಿನ ಅಕ್ಕಿಯ ಮೂಟೆಗಳನ್ನು ಹೊತ್ತೊಯ್ಯುವುದು, ಪತ್ರ ಹಿಡಿದ ದೂತನನ್ನು ಆಚೆಯ ಅಂಚಿಗೆ ದಾಟಿಸುವುದು. ಇತಿಹಾಸದಿಂದಲೇ ಬೇಕೆಂದರೆ ಇಬ್ಬರು ವೈರಿ ಒಡೆಯರ ನಡುವೆ 1561ರಲ್ಲಿ ನಡೆದ ಕವನಕಜಿಮಾ ಕದನವಿದೆ. ಉಎಸುಗಿ ಕೆನ್ಶಿನ್ ಕುದುರೆಯೇರಿ ನೇರವಾಗಿ ತಕೆದಾ ಶಿಂಗೆನ್‌ನ ಬಿಡಾರಕ್ಕೇ ನುಗ್ಗಿದನೆಂದೂ, ಶಿಂಗೆನ್ ಅವನ ಕತ್ತಿಯ ಏಟನ್ನು ಕೈಯಲ್ಲಿದ್ದ ಯುದ್ಧದ ಬೀಸಣಿಗೆಯಿಂದ ತಡೆದನೆಂದೂ ಪ್ರತೀತಿಯಿದೆ. ಇತಿಹಾಸಕಾರರು ಇದನ್ನು ಸುಲಭವಾಗಿ ಒಪ್ಪುವುದಿಲ್ಲವಾದರೂ ಆಟಕ್ಕೆ ಇದಕ್ಕಿಂತ ಸೊಗಸಾದ ವಸ್ತು ಸಿಗದು. ಮೇಜಿನ ಒಂದು ಮೂಲೆಯಲ್ಲಿ ಬಟ್ಟೆಯ ಪರದೆ ಕಟ್ಟಿ ಬಿಡಾರ ಮಾಡಿ, ಅಲ್ಲಿ ಶಿಂಗೆನ್ ಮತ್ತು ಒಬ್ಬನೇ ಅಂಗರಕ್ಷಕನನ್ನು ಇರಿಸಿ. ಅವನ ಉಳಿದ ಜನ ಎದುರಿನ ಅಂಚಿನಿಂದ ಎರಡನೆಯ ಸುತ್ತಿನಲ್ಲಿ ಬರಲಿ. ಆರು ಸುತ್ತುಗಳೊಳಗೆ ಶಿಂಗೆನ್‌ಗೆ ದೊಡ್ಡ ಗಾಯ ಮಾಡಿದರೆ ಕೆನ್ಶಿನ್‌ಗೆ ಜಯ, ಇಲ್ಲವಾದರೆ ಶಿಂಗೆನ್‌ಗೆ.

ಆ ಕಾಲದ ಯೋಧರು ತಾವು ಕೊಂದ ವೈರಿಯ ತಲೆಯನ್ನು ಒಡೆಯನಿಗೆ ಒಪ್ಪಿಸಿ ಬಹುಮಾನ ಪಡೆಯುತ್ತಿದ್ದರು. ಇದನ್ನೂ ಸೇರಿಸಬಹುದು: ಬಿದ್ದ ಸಮುರಾಯ್‌ನ ಬಳಿ ಒಂದು ಸುತ್ತು ನಿಂತವನಿಗೆ ಒಂದು ಅಂಕ. ಗೆಲುವಿನ ಗುರಿಯತ್ತ ಓಡುವುದೋ, ನಿಂತು ಹೆಸರು ಗಳಿಸುವುದೋ ಎಂಬ ಇಕ್ಕಟ್ಟು ಆಟದ ಉದ್ದಕ್ಕೂ ಕಾಡುತ್ತದೆ.

ಬಣ್ಣದ ವಿಷಯದಲ್ಲಿ ಒಂದೆರಡು ಮಾತು. ಮನೆತನದ ಗುರುತನ್ನು ಬೆನ್ನಿನ ಬಾವುಟದ ಮೇಲೆ ಬರೆದರೆ ದೂರದಿಂದಲೂ ಯಾರ ಕಡೆಯವರೆಂದು ತಿಳಿಯುತ್ತದೆ. ತಕೆದಾ ಮನೆತನದ ನಾಲ್ಕು ವಜ್ರಾಕೃತಿಗಳನ್ನು ಬರೆಯುವುದು ಸುಲಭ, ಸನದಾ ಮನೆತನದ ಆರು ನಾಣ್ಯಗಳೂ ಅಷ್ಟೇ. ಕವಚವನ್ನೆಲ್ಲ ಕೆಂಪಾಗಿಸಬೇಕೆಂದರೆ ಇಇ ನಓಮಸಾ ಎಂಬ ಸೇನಾನಾಯಕನ ಪಡೆ ನಿಮಗೆ ಮಾದರಿ. ಬಣ್ಣಕ್ಕೆ ಮುಂಚೆ ಹಾಕುವ ಸ್ಪ್ರೇ ಪ್ರೈಮರ್ ಮಳೆಗಾಲದ ತೇವದಲ್ಲಿ ಪುಡಿಪುಡಿಯಾಗಿ ಕೂರುತ್ತದೆ. ಆ ತಿಂಗಳುಗಳಲ್ಲಿ ಕುಂಚದಿಂದಲೇ ತೆಳ್ಳಗೆ ಬಳಿಯಿರಿ.

ಸ್ನೇಹಿತನಿಗೆ ಆಟ ಹೊಸತಾದರೆ ನಿಯಮಗಳನ್ನೆಲ್ಲ ಮೊದಲೇ ಒಪ್ಪಿಸಬೇಡಿ. ಎರಡೂ ಕಡೆಗೆ ಒಬ್ಬೊಬ್ಬ ಸಮುರಾಯ್‌ನನ್ನು ನಿಲ್ಲಿಸಿ ಗುಂಡಿಗಳ ಕಾದಾಟವನ್ನು ಮೂರು ಬಾರಿ ಆಡಿಸಿ, ಆಮೇಲೆ ನಡಿಗೆ, ಆಮೇಲೆ ಬಿಲ್ಲು. ಎರಡೂ ಪಡೆಗಳನ್ನು ನೀವೇ ಸಿದ್ಧಪಡಿಸಿ, ಯಾವುದು ಬೇಕೆಂದು ಆರಿಸುವ ಹಕ್ಕನ್ನು ಅವನಿಗೆ ಕೊಡಿ. ಆಗ ಎರಡನ್ನೂ ಸಮತೂಕದಲ್ಲಿ ಕಟ್ಟುವ ಎಚ್ಚರ ನಿಮಗೆ ತಾನಾಗಿಯೇ ಬರುತ್ತದೆ. ನಿಯಮದ ಬಗ್ಗೆ ವಾದ ಎದ್ದರೆ ಒಂದು ದಾಳ ಹಾಕಿ ಮುಂದೆ ಸಾಗಿ, ಆಟ ಮುಗಿದ ಮೇಲೆ ಕೂತು ಬಗೆಹರಿಸಿ, ಒಪ್ಪಿದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಎರಡನೆಯ ಆಟದಲ್ಲಿ ಪಡೆಗಳನ್ನು ಅದಲುಬದಲು ಮಾಡಿಕೊಂಡು ಅದೇ ಸನ್ನಿವೇಶವನ್ನು ಆಡಿ. ಮೂರನೆಯದಕ್ಕೆ ಬದುಕುಳಿದವರ ಗಾಯ ಮತ್ತು ಗಳಿಸಿದ ತಲೆಗಳ ಲೆಕ್ಕವನ್ನು ಅದೇ ಪುಸ್ತಕದಿಂದ ಮುಂದುವರಿಸಬಹುದು.