ಸ್ವಂತ ಹೆಸರಿನಲ್ಲೇ ಕಥೆಯೊಳಗೆ ಬರುವ ಬಗೆ

ತಾನೇ ನಿರೂಪಕನಾಗಿ, ತಾನೇ ಪಾತ್ರವೂ ಆಗಿ ಕಥೆ ಬರೆಯಲು ಹೊರಡುವ ಲೇಖಕರು ಮೊದಲು ಇತ್ಯರ್ಥಪಡಿಸಿಕೊಳ್ಳಬೇಕಾದುದು ಆ ಪಾತ್ರಕ್ಕೆ ಕಥೆಯಲ್ಲಿ ಏನು ಕೆಲಸವಿದೆ ಎಂಬುದನ್ನು. ಕಂಡದ್ದನ್ನು ವರದಿ ಮಾಡುವುದಷ್ಟೇ ಕೆಲಸವಾದರೆ ಹೆಸರಿಲ್ಲದ ನಿರೂಪಕನೇ ಸಾಕು. ಮಹಾಭಾರತದಲ್ಲಿ ಸತ್ಯವತಿಯ ಮಾತಿಗೆ ಕಟ್ಟುಬಿದ್ದು ವ್ಯಾಸರು ಅಂತಃಪುರಕ್ಕೆ ಬಂದಾಗ, ಅವರ ರೂಪಕ್ಕೆ ಹೆದರಿ ಅಂಬಿಕೆ ಕಣ್ಣು ಮುಚ್ಚುತ್ತಾಳೆ, ಅಂಬಾಲಿಕೆ ಬಿಳಿಚಿಕೊಳ್ಳುತ್ತಾಳೆ. ಹುಟ್ಟುಕುರುಡ ಧೃತರಾಷ್ಟ್ರನೂ ಪಾಂಡುವೂ ಜನಿಸಿ, ಮುಂದಿನ ದಾಯಾದಿ ಕಲಹಕ್ಕೆ ಅಲ್ಲಿಯೇ ದಾರಿಯಾಗುತ್ತದೆ. ಜನಮೇಜಯನಿಗೆ ಕಥೆ ಹೇಳುವವನು ವೈಶಂಪಾಯನನೇ ಹೊರತು ವ್ಯಾಸರಲ್ಲ, ನಿಜ. ಆದರೆ ಕವಿ ತನ್ನ ಕಾವ್ಯದೊಳಗೆ ಎಷ್ಟು ಆಳಕ್ಕೆ ಇಳಿಯಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗಂತೂ ತೋಚದು.

ಎರಡನೆಯದಾಗಿ, ಬರೆಯಲು ಕುಳಿತಾಗ ನಿಮಗೆ ತಿಳಿದಿರುವುದೆಲ್ಲವೂ ಆ ಪಾತ್ರಕ್ಕೆ ತಿಳಿದಿರಬಾರದು. 1980ರಲ್ಲಿ ಪ್ರಕಟವಾದ ‘ಕರ್ವಾಲೊ’ ಕಾದಂಬರಿಯಲ್ಲಿ ಪೂರ್ಣಚಂದ್ರ ತೇಜಸ್ವಿಯವರನ್ನೇ ಹೋಲುವ ನಿರೂಪಕನಿಗೆ, ವಿಜ್ಞಾನಿ ಕರ್ವಾಲೊ ಅವರು ಹಳ್ಳಿಯ ಮಂದಣ್ಣನಿಗೆ ಅಷ್ಟೇಕೆ ಬೆಲೆ ಕೊಡುತ್ತಾರೆಂಬುದೇ ಮೊದಮೊದಲು ಅರ್ಥವಾಗುವುದಿಲ್ಲ. ಅವನ ಆ ತಬ್ಬಿಬ್ಬಿನ ಜೊತೆಜೊತೆಗೇ ಓದುಗರೂ ಸಾಗುತ್ತಾರೆ.

ಮೂರನೆಯದು ಕಷ್ಟದ್ದು: ನಿಮ್ಮ ಸಣ್ಣತನವನ್ನು ಆ ಪಾತ್ರದಲ್ಲಿ ಮುಚ್ಚಿಡಬೇಡಿ. ಅರ್ಜೆಂಟೀನಾದ ಬೋರ್ಹೆಸ್ 1945ರಲ್ಲಿ ಪ್ರಕಟಿಸಿದ ‘ಆಲೆಫ್’ ಕಥೆಯನ್ನು ಇದಕ್ಕಾಗಿಯೇ ನಿಧಾನವಾಗಿ ಓದಬೇಕು. ತಾನು ಪ್ರೀತಿಸುತ್ತಿದ್ದ, ಈಗ ತೀರಿಹೋದ ಬಿಯಾಟ್ರಿಸ್‌ಳ ಮನೆಗೆ ಪ್ರತಿವರ್ಷ ಏಪ್ರಿಲ್ 30ರಂದು ಹೋಗುವ ನಿರೂಪಕ, ಒಮ್ಮೆ ಅವಳ ಭಾವಚಿತ್ರದೆದುರು ಒಬ್ಬನೇ ನಿಂತು ಅವಳ ಹೆಸರನ್ನು ಮತ್ತೆಮತ್ತೆ ಕರೆದು, ತಾನು ಬೋರ್ಹೆಸ್ ಎಂದು ಹೇಳಿಕೊಳ್ಳುತ್ತಾನೆ. ಲೇಖಕನ ಹೆಸರು ಇಲ್ಲಿ ಕೀರ್ತಿಯ ಗುರುತಾಗಿ ಬರದೆ, ಉತ್ತರ ಬಾರದ ಮೊರೆಯಾಗಿ ಬರುತ್ತದೆ. ಬಳಿಕ ಅವಳ ಸೋದರಸಂಬಂಧಿ, ಕವಿ ದಾನೆರಿಯ ನೆಲಮಾಳಿಗೆಯಲ್ಲಿ, ಆಲೆಫ್ ಎಂಬ ಒಂದೇ ಬಿಂದುವಿನಲ್ಲಿ ಇಡೀ ವಿಶ್ವವನ್ನೇ ಕಂಡರೂ, ಆ ಮನುಷ್ಯನ ಮೇಲಿನ ಮತ್ಸರದಿಂದ ಅದರ ಮಾತನ್ನೇ ಎತ್ತದೆ, ಪಟ್ಟಣ ಬಿಟ್ಟು ವಿಶ್ರಾಂತಿ ಪಡೆಯಬೇಕಾದ ರೋಗಿಯಂತೆ ಅವನನ್ನು ಉಪಚರಿಸಿ ಹೊರಟುಬಿಡುತ್ತಾನೆ. ಕೊನೆಗೆ ದಾನೆರಿಗೆ ರಾಷ್ಟ್ರೀಯ ಸಾಹಿತ್ಯ ಬಹುಮಾನಗಳಲ್ಲಿ ಎರಡನೆಯದು ಲಭಿಸುತ್ತದೆ. ಬೋರ್ಹೆಸ್‌ನ ಪುಸ್ತಕಕ್ಕೆ ಒಂದು ಮತವೂ ಬೀಳುವುದಿಲ್ಲ. ತನ್ನನ್ನು ತಾನೇ ಹೀಗೆ ಸೋಲಿಸಿಕೊಳ್ಳಲು ಧೈರ್ಯವಿಲ್ಲದವರು ಬೇರೆ ಹೆಸರಿನ ಪಾತ್ರವನ್ನು ಕಟ್ಟುವುದೇ ಲೇಸು.

ನಿಮ್ಮ ಪಾತ್ರ ಹಾಜರಿಲ್ಲದ ಸನ್ನಿವೇಶಗಳನ್ನು ಹೇಳುವುದು ಹೇಗೆಂಬ ತೊಡಕು ಬಂದೇ ಬರುತ್ತದೆ. ಸಾಮರ್ಸೆಟ್ ಮಾಮ್ 1944ರ ‘ದಿ ರೇಜರ್ಸ್ ಎಡ್ಜ್’ ಕಾದಂಬರಿಯಲ್ಲಿ, ತಾನು ಕೇಳಿರದ ಸಂಭಾಷಣೆಗಳನ್ನು ಕಲ್ಪಿಸಿ ಬರೆದಿದ್ದೇನೆಂದು ಆರಂಭದಲ್ಲೇ ಒಪ್ಪಿಕೊಂಡು ಇದನ್ನು ಬಗೆಹರಿಸುತ್ತಾರೆ. ಒಪ್ಪಿಗೆ ಒಮ್ಮೆ ಸಾಕು. ಪುಟಪುಟಕ್ಕೂ ಕ್ಷಮೆ ಕೇಳುತ್ತಿದ್ದರೆ ಕಥೆ ಸೊರಗುತ್ತದೆ.

ಕರಡು ಮುಗಿದ ಮೇಲೆ ನಿಮ್ಮ ಹೆಸರಿರುವಲ್ಲೆಲ್ಲ ಬೇರೊಂದು ಹೆಸರನ್ನಿಟ್ಟು ಓದಿ ನೋಡಿ. ಏನೂ ನಷ್ಟವಾಗದಿದ್ದರೆ ಆ ಬೇರೆ ಹೆಸರನ್ನೇ ಉಳಿಸಿಕೊಳ್ಳಿ. ನಿಮ್ಮ ಹೆಸರನ್ನೇ ಇಟ್ಟುಕೊಂಡರೆ, ಕಥೆಯ ಹೆಂಡತಿ, ತಮ್ಮ, ನೆರೆಮನೆಯವರು ನಿಜಕ್ಕೂ ಯಾರೆಂದು ಓದುಗರು ಹುಡುಕದೆ ಬಿಡುವುದಿಲ್ಲ. ಆದ್ದರಿಂದ ಅವರ ಊರು, ಉದ್ಯೋಗ, ವಯಸ್ಸುಗಳನ್ನು ಬದಲಿಸಿ, ಪ್ರಕಟಣೆಗೆ ಕಳಿಸುವ ಮುನ್ನ ಮನೆಯವರಿಗೆ ಹಸ್ತಪ್ರತಿಯನ್ನು ಓದಲು ಕೊಡಿ.