ಪ್ಲೈವುಡ್ ಹಾಳೆ ಮೇಲೇಳದಂತೆ ಹಿಡಿದ ಬಗೆ

ಸಿಎನ್‌ಸಿ ರೂಟರಿನಲ್ಲಿ (ಕಂಪ್ಯೂಟರ್ ನಿಯಂತ್ರಣದಲ್ಲಿ ಕತ್ತರಿಸುವ ಯಂತ್ರ) 4 ಮಿ.ಮೀ. ಪ್ಲೈವುಡ್‌ನಿಂದ ನಾಮಫಲಕದ ಅಕ್ಷರಗಳನ್ನು ಕತ್ತರಿಸುವಾಗ, ಅಂಚುಗಳನ್ನು ಕ್ಲಾಂಪ್‌ಗಳು ಬಿಗಿಯಾಗಿ ಹಿಡಿದಿದ್ದರೂ ಹಾಳೆಯ ನಡುಭಾಗ ಉಬ್ಬಿ, ಬಿಟ್ (ತಿರುಗುತ್ತಾ ಕತ್ತರಿಸುವ ಅಲಗು) ಹಾದುಹೋದಲ್ಲೆಲ್ಲ ಪಟಪಟನೆ ಅದುರುತ್ತಿತ್ತು. ಅಪ್‌ಕಟ್ ಬಿಟ್ ಹೊಟ್ಟನ್ನು ಮೇಲಕ್ಕೆ ತಳ್ಳುತ್ತಾ ಹಾಳೆಯನ್ನೂ ಜೊತೆಗೆ ಎತ್ತುತ್ತದೆ. ಕ್ಲಾಂಪಿನ ಹಿಡಿತ ಅಷ್ಟು ದೂರ ತಲುಪುವುದಿಲ್ಲ. ಆದ್ದರಿಂದ ಮೊದಲು ಅಡಿಯ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯ ಮೇಲ್ಮೈಯನ್ನು ಅದೇ ಯಂತ್ರದಿಂದ ಸಮತಟ್ಟಾಗಿಸಿ, ಅದರ ಮೇಲೂ ಹಾಳೆಯ ಬೆನ್ನಿಗೂ ಮಾಸ್ಕಿಂಗ್ ಟೇಪನ್ನು ಒಂದರ ಮೇಲೊಂದು ಏರದಂತೆ ಹಚ್ಚಿ, ಎರಡು ಟೇಪುಗಳ ನಡುವೆ ಸೂಪರ್ ಗ್ಲೂ ಗೆರೆಗಳನ್ನೆಳೆದು ಒತ್ತಿ ಅಂಟಿಸಿದೆ. ಬಿಟ್ ಅನ್ನು ಡೌನ್‌ಕಟ್‌ಗೆ ಬದಲಿಸಿದೆ. ಅದು ಹೊಟ್ಟನ್ನು ಕೆಳಕ್ಕೆ ತಳ್ಳಿ ಸೀಳಿನಲ್ಲೇ ತುಂಬುವುದರಿಂದ ಪ್ರತಿ ಸುತ್ತಿನ ಆಳವನ್ನು ಕಡಿಮೆ ಇಡಬೇಕಾಗುತ್ತದೆಯಾದರೂ, ಮೇಲಿನ ಅಂಚು ನಾರೇಳದೆ ನುಣ್ಣಗೆ ಬರುತ್ತದೆ. ಚಿಕ್ಕ ಅಕ್ಷರಗಳೂ ಈಗ ಕದಲುವುದಿಲ್ಲ. ಕೆಲಸ ಮುಗಿದ ಮೇಲೆ ತೆಳುವಾದ ಪುಟ್ಟಿ ಬ್ಲೇಡಿನಿಂದ ನಿಧಾನವಾಗಿ ಎಬ್ಬಿಸಿದರೆ ಟೇಪು ಸಿಪ್ಪೆಯಂತೆ ಸುಲಿದು ಬರುತ್ತದೆ.