ಒಂದು ಯೋಜನೆಯ ಕಡತದ ಬೆನ್ನು ಹಿಡಿದು ಕಂಡ ವಿಶ್ವವಿದ್ಯಾಲಯ

ಸಾರ್ವಜನಿಕ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಹನ್ನೊಂದು ವರ್ಷ ಪಾಠ ಹೇಳಿದ ಮೇಲೂ ಆ ಸಂಸ್ಥೆ ಹೇಗೆ ನಡೆಯುತ್ತದೆಂಬುದು ನನಗೆ ಸರಿಯಾಗಿ ತಿಳಿದಿರಲಿಲ್ಲ. ತರಗತಿ, ಪ್ರಯೋಗಾಲಯ, ಮೌಲ್ಯಮಾಪನ ಇಷ್ಟರಲ್ಲೇ ವರ್ಷಗಳು ಕಳೆದಿದ್ದವು. ಅಂತರ್ಜಲದಲ್ಲಿ ಸೇರುವ ಆರ್ಸೆನಿಕ್ ಎಂಬ ವಿಷಕಾರಿ ಧಾತುವಿನ ಕುರಿತ ಐದು ವರ್ಷಗಳ ಯೋಜನೆಯೊಂದಕ್ಕೆ ಪ್ರಧಾನ ಸಂಶೋಧಕನಾದಾಗ ಮಾತ್ರ, ಆ ಯೋಜನೆಯ ಕಡತ ಹೋದ ಕಚೇರಿಗಳಿಗೆಲ್ಲ ನಾನೂ ಹೋಗಬೇಕಾಗಿ ಬಂತು. ಆ ಓಡಾಟದಲ್ಲಿ ನಾನು ಕಲಿತದ್ದು ಇಷ್ಟು: ವಿಶ್ವವಿದ್ಯಾಲಯದಲ್ಲಿ ಕೆಲಸವನ್ನು ತಡೆದು ನಿಲ್ಲಿಸುವ ಕ್ರಮಗಳು ಎರಡು ಬಗೆಯವು. ಕೆಲವು ಕೆಲಸವನ್ನು ಪ್ರಶ್ನಿಸುವುದಕ್ಕಾಗಿ ತಡೆಯುತ್ತವೆ. ಇನ್ನು ಕೆಲವು ಸುಮ್ಮನೆ ತಡಮಾಡುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ.

ಮೊದಲ ಅಚ್ಚರಿ ಅರ್ಜಿ ಸಲ್ಲಿಸುವಾಗಲೇ ಎದುರಾಯಿತು. ಅನುದಾನ ನನಗೆ ಮಂಜೂರಾಗುತ್ತದೆ ಎಂದು ನಾನು ಭಾವಿಸಿದ್ದೆ. ವಾಸ್ತವದಲ್ಲಿ ಅದು ಮಂಜೂರಾಗುವುದು ವಿಶ್ವವಿದ್ಯಾಲಯದ ಹೆಸರಿಗೆ. ಕರಾರಿಗೆ ಸಹಿ ಹಾಕುವುದೂ, ಲೆಕ್ಕ ಒಪ್ಪಿಸುವ ಹೊಣೆ ಹೊರುವುದೂ ಸಂಸ್ಥೆಯೇ. ಸಾರ್ವಜನಿಕ ಹಣದಿಂದ ಮೂಲ ಸಂಶೋಧನೆಯನ್ನು ವಿಶ್ವವಿದ್ಯಾಲಯಗಳಲ್ಲಿಯೇ ನಡೆಸಬೇಕೆಂಬ ವಾದವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವೈಜ್ಞಾನಿಕ ಸಂಶೋಧನೆಯ ಹೊಣೆ ಹೊತ್ತಿದ್ದ ಎಂಜಿನಿಯರ್ ವ್ಯಾನೆವರ್ ಬುಷ್ ಅಲ್ಲಿನ ಅಧ್ಯಕ್ಷರಿಗೆ 1945ರಲ್ಲಿ ಸಲ್ಲಿಸಿದ ವರದಿಯಲ್ಲಿ ಬಲವಾಗಿ ಮಂಡಿಸಿದ್ದರು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1950ರಲ್ಲಿ ಸ್ಥಾಪನೆಯಾಯಿತು. ಹಣ ಕೊಡುವುದು ಸರ್ಕಾರ, ಯಾವ ಅರ್ಜಿಗೆ ಅರ್ಹತೆಯಿದೆ ಎಂದು ತೂಗಿ ಹೇಳುವವರು ಅದೇ ಕ್ಷೇತ್ರದ ಇತರ ಸಂಶೋಧಕರು, ಕೆಲಸ ಮಾಡಿಸುವುದು ವಿಶ್ವವಿದ್ಯಾಲಯ ಎಂಬ ಏರ್ಪಾಡು ಇಂದು ಹಲವು ದೇಶಗಳಲ್ಲಿದೆ. ನನ್ನ ಅರ್ಜಿ ಮೊದಲ ಸಲ ತಿರಸ್ಕೃತವಾಯಿತು. ಮೂವರು ವಿಮರ್ಶಕರ ಟಿಪ್ಪಣಿಗಳಲ್ಲಿ ಒಂದು ಕಟುವಾಗಿತ್ತು, ಆದರೆ ನಿಜವಾಗಿತ್ತು: ಮಾದರಿ ಸಂಗ್ರಹಿಸುವ ಬಾವಿಗಳನ್ನು ಯಾವ ಆಧಾರದ ಮೇಲೆ ಆರಿಸುತ್ತೇನೆಂದು ನಾನು ಎಲ್ಲಿಯೂ ಬರೆದಿರಲಿಲ್ಲ. ಆ ಒಂದು ಪ್ರಶ್ನೆಗೆ ಉತ್ತರ ಕಟ್ಟಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಎರಡನೆಯ ಸಲ ಅರ್ಜಿ ಅಂಗೀಕಾರವಾಯಿತು.

ಆಯವ್ಯಯದಲ್ಲಿ ಪರೋಕ್ಷ ವೆಚ್ಚವೆಂಬ ಸಾಲೊಂದಿತ್ತು. ಅನುದಾನದ ಒಂದು ಪಾಲು ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಗೆ ಹೋಗುವುದನ್ನು ಕಂಡು, ಬಹುತೇಕ ಸಹೋದ್ಯೋಗಿಗಳಂತೆ ನಾನೂ ಅಸಮಾಧಾನಗೊಂಡಿದ್ದೆ. ಪ್ರಯೋಗಾಲಯದ ವಿದ್ಯುತ್ತು, ಹವಾನಿಯಂತ್ರಣ, ಗ್ರಂಥಾಲಯದ ನಿಯತಕಾಲಿಕೆಗಳ ಚಂದಾ, ರಾಸಾಯನಿಕ ತ್ಯಾಜ್ಯದ ವಿಲೇವಾರಿ, ಲೆಕ್ಕ ಬರೆಯುವ ಸಿಬ್ಬಂದಿಯ ಸಂಬಳ ಇವೆಲ್ಲ ಯಾವ ಒಂದು ಯೋಜನೆಗೂ ಸೇರಿದವಲ್ಲ; ಆದರೆ ಇವಿಲ್ಲದೆ ಯಾವ ಯೋಜನೆಯೂ ನಡೆಯದು. ಹಣಕಾಸು ಅಧಿಕಾರಿಗಳ ಕಚೇರಿಯಲ್ಲಿ ಒಂದು ಮಧ್ಯಾಹ್ನ ಕುಳಿತು ನಮ್ಮ ವಿಭಾಗದ ಇವಿಷ್ಟರ ವೆಚ್ಚವನ್ನು ಸಾಲುಸಾಲಾಗಿ ಓದಿದ ಮೇಲೆ ನನ್ನ ಅಸಮಾಧಾನ ಕರಗಿತು.

ನನ್ನನ್ನು ನಿಜವಾಗಿ ತಿದ್ದಿದ್ದು ನೈತಿಕ ಪರಿಶೀಲನಾ ಸಮಿತಿ. ನಾವು ಬಾವಿಗಳ ನೀರನ್ನು ಪರೀಕ್ಷಿಸುವುದಷ್ಟೇ ಅಲ್ಲ, ಆ ನೀರನ್ನು ಕುಡಿಯುವ ಮನೆಯವರನ್ನು ಮಾತನಾಡಿಸಿ ಅವರ ಆರೋಗ್ಯದ ವಿವರ ಪಡೆಯುವವರಿದ್ದೆವು. ಹಾಗಾಗಿ ಯೋಜನೆ ಸಮಿತಿಯ ಮುಂದೆ ಹೋಗಲೇಬೇಕಿತ್ತು. ಇಂಥ ಸಮಿತಿಗಳ ಹಿಂದೆ ನೋವಿನ ಚರಿತ್ರೆಯೊಂದಿದೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನಡೆದ ಅಧ್ಯಯನದಲ್ಲಿ ಸಿಫಿಲಿಸ್ ಪೀಡಿತರಾದ ಕಪ್ಪು ವರ್ಣೀಯ ಪುರುಷರಿಗೆ ಪೆನಿಸಿಲಿನ್ ಲಭ್ಯವಾದ ಮೇಲೂ ಚಿಕಿತ್ಸೆ ಕೊಡದೆ, ರೋಗದ ಗತಿಯನ್ನು ಸುಮ್ಮನೆ ದಾಖಲಿಸುತ್ತ ಹೋದರು. ಅದು ಬಯಲಾದ ನಂತರ ರಚನೆಯಾದ ಆಯೋಗದ ಬೆಲ್ಮಾಂಟ್ ವರದಿ 1979ರಲ್ಲಿ ಪ್ರಕಟವಾಯಿತು. ವ್ಯಕ್ತಿಗಳಿಗೆ ಗೌರವ, ಅವರ ಹಿತ, ನ್ಯಾಯ ಎಂಬ ಅದರ ಮೂರು ತತ್ತ್ವಗಳನ್ನು ನಾನು ವಿದ್ಯಾರ್ಥಿಗಳಿಗೆ ಪಾಠವಾಗಿಯೂ ಹೇಳಿದ್ದೆ. ಹೀಗಿದ್ದೂ ನನ್ನ ಸ್ವಂತ ಪ್ರಸ್ತಾವದಲ್ಲಿ, ಫಲಿತಾಂಶಗಳನ್ನು ಪ್ರಕಟಣೆಯ ನಂತರ ಹಂಚಿಕೊಳ್ಳಲಾಗುವುದು ಎಂದು ಒಂದೇ ವಾಕ್ಯ ಬರೆದು ಮುಗಿಸಿದ್ದೆ.

ಸಮಿತಿಯಲ್ಲಿ ವಿಜ್ಞಾನದ ಹಿನ್ನೆಲೆಯಿಲ್ಲದ, ಹೊರಗಿನ ಸದಸ್ಯೆಯೊಬ್ಬರಿದ್ದರು. ಅವರು ಆ ವಾಕ್ಯದ ಮೇಲೆ ಬೆರಳಿಟ್ಟು, ‘ನಿಮ್ಮ ಲೇಖನ ಅಚ್ಚಾಗುವವರೆಗೆ ಆ ಮನೆಯ ಮಕ್ಕಳು ಅದೇ ನೀರು ಕುಡಿಯುತ್ತಿರಬೇಕೇ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಈ ಮಿತಿ ಮೀರಿದ ಪ್ರತಿ ಮಾದರಿಯನ್ನು ಎರಡು ವಾರದೊಳಗೆ ಮತ್ತೊಮ್ಮೆ ಪರೀಕ್ಷಿಸಿ, ಖಚಿತವಾದ ಕೂಡಲೇ ಆ ಮನೆಯವರಿಗೆ ಅವರ ಭಾಷೆಯಲ್ಲಿ ಬಾಯಿಮಾತಿನಲ್ಲೂ ಬರಹದಲ್ಲೂ ತಿಳಿಸಬೇಕು, ಸುರಕ್ಷಿತವಾದ ಹತ್ತಿರದ ಬಾವಿ ಯಾವುದೆಂದು ತೋರಿಸಬೇಕು ಎಂದು ಕಾರ್ಯವಿಧಾನವನ್ನು ಬದಲಾಯಿಸಿದೆವು. ಇದಕ್ಕೆ ಆರು ವಾರ ಹೋಯಿತು. ಐದು ವರ್ಷಗಳಲ್ಲಿ ಅಷ್ಟು ಸಾರ್ಥಕವಾಗಿ ಕಳೆದ ಆರು ವಾರಗಳು ಬೇರೆ ಇಲ್ಲ.

ಖರೀದಿಯ ಕಥೆ ಬೇರೆಯೇ. ನಮಗೆ ಬೇಕಾಗಿದ್ದುದು ಪ್ಲಾಸ್ಮಾ ಆಧಾರಿತ ಮಾಸ್ ಸ್ಪೆಕ್ಟ್ರೋಮೀಟರ್. ಅತಿ ಬಿಸಿಯಾದ ಆರ್ಗಾನ್ ಅನಿಲದ ಪ್ಲಾಸ್ಮಾದಲ್ಲಿ ಮಾದರಿಯನ್ನು ಅಯಾನುಗಳಾಗಿಸಿ ದ್ರವ್ಯರಾಶಿಯ ಪ್ರಕಾರ ಬೇರ್ಪಡಿಸುವ ಈ ಉಪಕರಣಕ್ಕೆ ಆರ್ಸೆನಿಕ್ ವಿಷಯದಲ್ಲಿ ತೊಡಕೊಂದಿದೆ. ಆರ್ಸೆನಿಕ್‌ನ ಸ್ಥಿರ ಐಸೋಟೋಪ್ (ಪರಮಾಣು ರೂಪ) ಒಂದೇ, ಅದರ ರಾಶಿಸಂಖ್ಯೆ 75. ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಪ್ಲಾಸ್ಮಾದ ಆರ್ಗಾನ್ 40, ಕ್ಲೋರಿನ್ 35ರೊಡನೆ ಕೂಡಿ ಅದೇ 75ರ ಜಾಗದಲ್ಲಿ ಬಂದು ಕೂರುತ್ತದೆ. ಇಲ್ಲದ ವಿಷ ಇದ್ದಂತೆ ಕಾಣುತ್ತದೆ. ಅಯಾನುಗಳು ಅನಿಲಕ್ಕೆ ಡಿಕ್ಕಿ ಹೊಡೆಯುವಂತೆ ಉಪಕರಣದೊಳಗಿರುವ ಡಿಕ್ಕಿಕೋಶದಲ್ಲಿ ಹೀಲಿಯಂ ಹಾಯಿಸಿ ಆ ಜೋಡಿ ಅಯಾನನ್ನು ಸೋಸಿ ತೆಗೆಯಬೇಕು. ಇದನ್ನು ತಾಂತ್ರಿಕ ವಿವರಣೆಯಲ್ಲಿ ಬರೆಯುವಾಗ ನಾನು ಒಂದು ತಯಾರಕರು ತಮ್ಮ ಕೋಶಕ್ಕೆ ಇಟ್ಟುಕೊಂಡಿದ್ದ ಹೆಸರನ್ನೇ ಬಳಸಿಬಿಟ್ಟೆ. ಟೆಂಡರಿಗೆ ಒಬ್ಬರೇ ಬಂದರು. ಖರೀದಿ ಸಮಿತಿ, ಸ್ಪರ್ಧೆಯಿಲ್ಲವೆಂದು ಟೆಂಡರನ್ನು ರದ್ದುಗೊಳಿಸಿತು. ಅದು ಸರಿಯಾದ ತೀರ್ಮಾನವೇ ಆಗಿತ್ತು. ಉಪಕರಣ ಏನೆಂದು ಬರೆಯದೆ ಅದರಿಂದ ಆಗಬೇಕಾದ ಕೆಲಸವೇನೆಂದು, ಅಂದರೆ ಕ್ಲೋರೈಡ್ ಅಧಿಕವಾಗಿರುವ ನೀರಿನಲ್ಲಿಯೂ ಲೀಟರಿಗೆ 1 ಮೈಕ್ರೋಗ್ರಾಂಗಿಂತ ಕಡಿಮೆ ಆರ್ಸೆನಿಕ್ ಅನ್ನು ಅಳೆದು ತೋರಿಸಬೇಕೆಂದು, ಎರಡನೆಯ ಸಲ ಬರೆದೆ. ಮೂವರು ಪೂರೈಕೆದಾರರು ಬಂದರು.

ಆದರೆ ಅಷ್ಟರಲ್ಲಿ ಹಣಕಾಸು ವರ್ಷ ಮುಗಿಯಿತು. ಖರ್ಚಾಗದ ಹಣ ವಾಪಸಾಗಿ, ಅದನ್ನು ಮುಂದಿನ ವರ್ಷಕ್ಕೆ ಮರಳಿ ಪಡೆಯಲು ಹೊಸ ಪತ್ರವ್ಯವಹಾರ ಆರಂಭವಾಯಿತು. ಕಡತ ಒಂದು ಮೇಜಿನ ಮೇಲೆ ಏಳು ವಾರ ಇತ್ತು. ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಆಕ್ಷೇಪವನ್ನೂ ಬರೆಯಲಿಲ್ಲ. ಆ ಅವಧಿಯಲ್ಲಿ ನನ್ನ ಸಂಶೋಧನಾ ವಿದ್ಯಾರ್ಥಿನಿ ಸಂಗ್ರಹಿಸಿದ್ದ ಮಾದರಿಗಳು, ಪಿಎಚ್ 2ಕ್ಕಿಂತ ಕೆಳಗಿರುವಂತೆ ನೈಟ್ರಿಕ್ ಆಮ್ಲ ಬೆರೆಸಿದ ಬಾಟಲಿಗಳಲ್ಲಿ, ಶೀತಕದಲ್ಲಿ ಸಾಲಾಗಿ ಕಾಯುತ್ತಿದ್ದವು. ಅವಳ ಶಿಷ್ಯವೇತನದ ಅವಧಿಯೋ ಕಾಯುತ್ತಿರಲಿಲ್ಲ. ನೈತಿಕ ಸಮಿತಿಯ ಆರು ವಾರ ಮತ್ತು ಈ ಏಳು ವಾರಗಳ ನಡುವಿನ ವ್ಯತ್ಯಾಸವನ್ನು ನಾನು ಇಂದಿಗೂ ಹೊಸ ಅಧ್ಯಾಪಕರಿಗೆ ಹೇಳುತ್ತೇನೆ. ಮೊದಲನೆಯದನ್ನು ದೂರಬೇಡಿ, ಎರಡನೆಯದನ್ನು ಸಹಿಸಬೇಡಿ, ಪ್ರತಿ ವಾರ ಹೋಗಿ ಕಡತ ಎಲ್ಲಿದೆ, ಅದರಲ್ಲಿ ಏನು ಕೊರತೆಯಿದೆ ಎಂದು ಬರವಣಿಗೆಯಲ್ಲಿ ಕೇಳಿ. ಉಪಕರಣದ ಖರೀದಿಯನ್ನು ಯೋಜನೆಯ ಮೊದಲ ತಿಂಗಳಲ್ಲೇ ಆರಂಭಿಸಿ.

ಪಠ್ಯಕ್ರಮದ ಆಡಳಿತ ಇದಕ್ಕಿಂತ ಸರಳ. ಪಠ್ಯಕ್ರಮಕ್ಕೆ ಹೊಸ ವಿಷಯಪತ್ರಿಕೆಯೊಂದನ್ನು ಸೇರಿಸಲು ಅಧ್ಯಯನ ಮಂಡಳಿ ಒಪ್ಪಬೇಕು, ನಂತರ ಸಂಬಂಧಿತ ವಿಭಾಗಗಳನ್ನೊಳಗೊಂಡ ನಿಕಾಯ, ಕೊನೆಗೆ ವಿದ್ಯಾವಿಷಯಕ ಪರಿಷತ್ತು. ಹಣ ಮತ್ತು ನೇಮಕಾತಿಯ ಅಧಿಕಾರ ಆಡಳಿತ ಮಂಡಳಿಯದು, ಏನನ್ನು ಕಲಿಸಬೇಕೆಂಬ ಅಧಿಕಾರ ಅಧ್ಯಾಪಕರದು ಎಂಬ ವಿಂಗಡಣೆಯನ್ನು ನಾನು ಅಮೂಲ್ಯವೆಂದು ಭಾವಿಸುತ್ತೇನೆ. ಬೋಧನೆ ಮತ್ತು ಸಂಶೋಧನೆ ಒಂದೇ ಸೂರಿನಡಿ ಇರಬೇಕೆಂಬ ಜರ್ಮನ್ ಚಿಂತಕ ವಿಲ್ಹೆಲ್ಮ್ ಫಾನ್ ಹುಂಬೋಲ್ಟ್ ಅವರ ಚಿಂತನೆಯ ಮೇಲೆ ಬರ್ಲಿನ್ ವಿಶ್ವವಿದ್ಯಾಲಯ 1810ರಲ್ಲಿ ಆರಂಭವಾಯಿತು. ಆ ಮಾದರಿಯನ್ನು 1876ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಕೈಗೆತ್ತಿಕೊಂಡಿತು. ನನಗೆ ಅದರ ಅರ್ಥ ಸ್ಪಷ್ಟವಾದದ್ದು ಸ್ನಾತಕೋತ್ತರ ತರಗತಿಯೊಂದರಲ್ಲಿ. 75ರ ಗೊಂದಲದ ನಮ್ಮದೇ ದತ್ತಾಂಶವನ್ನು ವಿದ್ಯಾರ್ಥಿಗಳ ಮುಂದಿಟ್ಟಾಗ, ಎರಡು ಬಾವಿಗಳ ಅಳತೆ ಹೀಲಿಯಂ ಹಾಯಿಸಿದ ಮೇಲೂ ಕ್ಲೋರೈಡಿನ ಜೊತೆಜೊತೆಗೆ ಏರುತ್ತಿರುವುದನ್ನು ಒಬ್ಬ ಹುಡುಗ ಗುರುತಿಸಿದ. ಅನಿಲದ ಹರಿವು ಕಡಿಮೆಯಾಗಿತ್ತು. ಆ ಸರದಿಯಲ್ಲಿ ಅಳೆದಿದ್ದ ಮಾದರಿಗಳನ್ನೆಲ್ಲ ಮತ್ತೆ ಪರೀಕ್ಷಿಸಿದೆವು.

ನಾಲ್ಕನೆಯ ವರ್ಷ ವಿದ್ಯಾರ್ಥಿನಿಯ ಪ್ರಬಂಧ ಬಾಹ್ಯ ಪರೀಕ್ಷಕರಿಗೆ ಹೋಗಿ, ಬಹಿರಂಗ ಮೌಖಿಕ ಪರೀಕ್ಷೆ ನಡೆಯಿತು. ಆ ದಿನ ಸಭಾಂಗಣದ ಕೊನೆಯ ಸಾಲಿನಲ್ಲಿ ನೈತಿಕ ಸಮಿತಿಯ ಆ ಸದಸ್ಯೆಯೂ ಕುಳಿತಿದ್ದರು. ಮಿತಿ ಮೀರಿದ ಬಾವಿಗಳ ಮನೆಗಳಲ್ಲಿ ಎಷ್ಟು ಮಂದಿ ನೀರಿನ ಮೂಲ ಬದಲಿಸಿದರು ಎಂದು ಪರೀಕ್ಷಕರು ಕೇಳಿದಾಗ, ಮನೆಮನೆಗೆ ಮರಳಿ ಹೋಗಿ ಬರೆದುಕೊಂಡಿದ್ದ ಪುಸ್ತಕವನ್ನು ವಿದ್ಯಾರ್ಥಿನಿ ತೆರೆದು ಓದಿದಳು.

ಯೋಜನೆಯ ಲೆಕ್ಕ ಮುಗಿದು, ಅನುದಾನ ಹೇಗೆ ಖರ್ಚಾಯಿತೆಂದು ತಿಳಿಸುವ ಬಳಕೆ ಪ್ರಮಾಣಪತ್ರಕ್ಕೆ ಲೆಕ್ಕಪರಿಶೋಧಕರ ಸಹಿ ಬಿದ್ದು, ಖಾತೆ ಮುಚ್ಚಿದೆ. ಉಪಕರಣ ಈಗ ನಮ್ಮ ವಿಭಾಗದ್ದಲ್ಲ, ಕೇಂದ್ರೀಯ ಸೌಲಭ್ಯದ್ದು. ಕರಾರಿನ ಪ್ರಕಾರ ಅದು ಮೊದಲಿನಿಂದಲೂ ವಿಶ್ವವಿದ್ಯಾಲಯದ್ದೇ ಆಗಿತ್ತು. ಅದರ ಪಕ್ಕದ ದಾಖಲೆ ಪುಸ್ತಕದಲ್ಲಿ ನಮ್ಮ ತಂಡದ ಹೆಸರುಗಳ ಕೆಳಗೆ ಮಣ್ಣು ವಿಜ್ಞಾನದವರು, ಔಷಧ ವಿಜ್ಞಾನದವರು, ಪ್ರಾಚೀನ ಲೋಹದ ನಾಣ್ಯಗಳನ್ನು ಪರೀಕ್ಷಿಸಲು ಬಂದ ಇತಿಹಾಸ ವಿಭಾಗದ ಸಂಶೋಧಕರು ದಿನಾಂಕ ಹಾಕಿ ಸಹಿ ಮಾಡಿದ್ದಾರೆ.